ಬಯಲು ಶಿಲ್ಪಗಳ ಮುಂದೆ ಒಂದು ಪಾಠ

ಇಂಗ್ಲೆಂಡಿನ ಯಾರ್ಕ್‌ಷೈರ್ ಶಿಲ್ಪ ಉದ್ಯಾನ ಹುಟ್ಟಿದ್ದು ನಮ್ಮದರಂಥದೇ ಒಂದು ಶಿಕ್ಷಕರ ತರಬೇತಿ ಕಾಲೇಜಿನ ಆವರಣದಲ್ಲಿ. ಬ್ರೆಟನ್ ಹಾಲ್ ಕಾಲೇಜಿನ ಅಧ್ಯಾಪಕ ಪೀಟರ್ ಮರ್ರಿ 1977ರಲ್ಲಿ ಅಲ್ಲಿನ ಹುಲ್ಲುಗಾವಲಿನಲ್ಲಿ ಶಿಲ್ಪಗಳನ್ನಿಟ್ಟು ಪ್ರದರ್ಶನ ಏರ್ಪಡಿಸಿದರು. ಇಂದು ಅದು ಸುಮಾರು 500 ಎಕರೆಯ ಉದ್ಯಾನ; ಕಾಲೇಜು ಮಾತ್ರ ಮುಚ್ಚಿಹೋಗಿದೆ.

ಒಳಗಿನ ಗ್ಯಾಲರಿಗಳಲ್ಲಿ ಪ್ರದರ್ಶನಗಳು ಬದಲಾಗುತ್ತಿರುತ್ತವೆ. ಕಾಗದ, ಬಟ್ಟೆಯ ಕೃತಿಗಳಿಗೆ ಸೂರು ಬೇಕು. ಕಂಚು ಮಳೆ ತಡೆಯುತ್ತದೆ, ಆದರೂ ಆಗಾಗ ಮೇಣ ಸವರಬೇಕು. ಹೊರಗೆ ಹೆನ್ರಿ ಮೂರ್ ಅವರ ಶಿಲ್ಪಗಳ ಸುತ್ತ ಕುರಿಗಳು ಮೇಯುತ್ತವೆ. (ಮೂರ್ ಕೂಡ ಕೆಲಕಾಲ ಶಾಲಾ ಮಾಸ್ತರರಾಗಿದ್ದವರೇ.)

ಪಾಠಕ್ಕೆ ನಾನು ಆರಿಸುವುದು ಬಾರ್ಬರಾ ಹೆಪ್‌ವರ್ತ್ 1970ರಲ್ಲಿ ರಚಿಸಿದ 'ಮನುಷ್ಯ ಕುಟುಂಬ'ವನ್ನು. ಇಳಿಜಾರಿನಲ್ಲಿ ನಿಂತ ಒಂಬತ್ತು ಕಂಚಿನ ಆಕೃತಿಗಳು. ಮುಖವಿಲ್ಲ, ಕೈಕಾಲಿಲ್ಲ, ಒಂದರ ಮೇಲೊಂದು ಪೇರಿಸಿದ ದಿಮ್ಮಿಗಳು, ನಡುನಡುವೆ ತೂತು. ಹೆಸರುಗಳೋ ಪೂರ್ವಜ, ವಧು, ವರ, ಬಾಲಕಿ ಎಂದು! ವಧು ಯಾವುದೆಂದು ನಾವೇ ಹೇಳಿಬಿಟ್ಟರೆ ಮಕ್ಕಳು ನೋಡುವುದನ್ನು ನಿಲ್ಲಿಸುತ್ತಾರೆ. ಮೊದಲು ಸುತ್ತು ಹಾಕಲಿ, ತೂತಿನೊಳಗಿಂದ ಮರ ನೋಡಲಿ, ದೂರ ಸರಿದು ಮತ್ತೆ ಹತ್ತಿರ ಬರಲಿ. ಆಮೇಲೆ 'ಇದು ಯಾರಿರಬಹುದು?' ಎಂದು ಕೇಳಿ, 'ಏಕೆ ಹಾಗನ್ನಿಸಿತು?' ಎಂಬುದನ್ನು ಬಿಡಬೇಡಿ. ಹೆಸರು ಕೊನೆಗೆ ಬರಲಿ.

ನಮ್ಮ ಬೋಧನಾಭ್ಯಾಸದ ವಸ್ತುಸಂಗ್ರಹಾಲಯ ಭೇಟಿಗಳಲ್ಲಿ ನಡೆಯುವುದು ಇದರ ತಿರುಗುಮುರುಗು. ಮಕ್ಕಳು ಶಿಲ್ಪಕ್ಕೆ ಬೆನ್ನು ಹಾಕಿ ಫಲಕ ನಕಲು ಮಾಡುತ್ತಿರುತ್ತಾರೆ, ಪ್ರಶಿಕ್ಷಣಾರ್ಥಿ ಮುಂದಿನ ಕೋಣೆಗೆ ಅವಸರಿಸುತ್ತಿರುತ್ತಾರೆ. ಪಾಠಯೋಜನೆಯಲ್ಲಿ 20 ಶಿಲ್ಪಗಳ ಪಟ್ಟಿ ಬೇಡ. 40 ನಿಮಿಷದ ಅವಧಿಗೆ ಎರಡು ಸಾಕು.