ಫೋನಿನ ಈ ತುದಿಯಲ್ಲಿ ಒಬ್ಬ ಅಕೌಂಟೆಂಟ್

ಮಕ್ಕಳೇ, ಡಿಸ್ನಿಯವರ ‘ದಿ ರೆಸ್ಕ್ಯೂಯರ್ಸ್’ ಎಂಬ 1977ರ ಕಾರ್ಟೂನ್ ಚಿತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಅದರಲ್ಲಿ ಬರ್ನಾರ್ಡ್ ಎಂಬ ಅಂಜುಬುರುಕ ಇಲಿ ಇದೆ. ಮಾತು ತಡವರಿಸುತ್ತದೆ; ಆದರೆ ಕೆಲಸಕ್ಕಿಳಿದರೆ ಹಿಂದೆ ಸರಿಯುವುದಿಲ್ಲ. ಆ ಇಲಿಗೆ ದನಿ ಕೊಟ್ಟವರು ಅಮೆರಿಕದ ಹೆಸರಾಂತ ಹಾಸ್ಯ ಕಲಾವಿದ ಬಾಬ್ ನ್ಯೂಹಾರ್ಟ್. ಅವರ ಮೊದಲಿನ ಕಸುಬು ಅಕೌಂಟೆಂಟ್ ಕೆಲಸ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವನ ಕಳೆದ ನನಗೆ, ನಮ್ಮ ಪೈಕಿಯವರೊಬ್ಬರು ಲೋಕವನ್ನೇ ನಗಿಸಿದರೆಂದರೆ ಹೆಮ್ಮೆ.

ನ್ಯೂಹಾರ್ಟ್ ಹುಟ್ಟಿದ್ದು 1929ರ ಸೆಪ್ಟೆಂಬರ್ 5ರಂದು, ಶಿಕಾಗೊ ಪಕ್ಕದ ಓಕ್ ಪಾರ್ಕ್‌ನಲ್ಲಿ. 1952ರಲ್ಲಿ ಲೊಯೊಲಾ ವಿಶ್ವವಿದ್ಯಾಲಯದಿಂದ ವ್ಯವಹಾರ ನಿರ್ವಹಣೆಯ ಪದವಿ ಪಡೆದರು. ನಮ್ಮ ಬಿ.ಕಾಂ.ನ ದಾಯಾದಿ ಎನ್ನಿ. ಆಗ ಕೊರಿಯಾ ಯುದ್ಧ ನಡೆಯುತ್ತಿತ್ತು. ಅಮೆರಿಕದಲ್ಲಿ ಯುವಕರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಕರೆಸಿಕೊಳ್ಳುತ್ತಿದ್ದ ಕಾಲ. ಇವರಿಗೂ ಕರೆ ಬಂತು. ಆದರೆ ಯುದ್ಧಭೂಮಿಗೆ ಕಳಿಸದೆ ಸ್ವದೇಶದಲ್ಲೇ ಗುಮಾಸ್ತರಾಗಿ ಕೂರಿಸಿದರು. ಸಿಪಾಯಿಯ ಸಂಬಳ, ರಜೆ, ವರ್ಗಾವಣೆಯನ್ನೂ ಯಾರಾದರೂ ಬರೆಯಬೇಕಲ್ಲ!

1954ರಲ್ಲಿ ಸೈನ್ಯದಿಂದ ಬಿಡುಗಡೆಯಾಯಿತು. ಕಾನೂನು ಓದಲು ಹೋಗಿ ಅರ್ಧಕ್ಕೇ ಬಿಟ್ಟರು. ಯುನೈಟೆಡ್ ಸ್ಟೇಟ್ಸ್ ಜಿಪ್ಸಮ್ ಎಂಬ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಚಿಲ್ಲರೆ ಖರ್ಚಿನ ಹಣ ಅವರ ಕೈಯಲ್ಲಿರುತ್ತಿತ್ತು. ದಿನದ ಕೊನೆಗೆ ಉಳಿದ ಹಣವೂ ಚೀಟಿಗಳ ಮೊತ್ತವೂ ತಾಳೆಯಾಗಬೇಕು. ಒಂದೆರಡು ಡಾಲರ್ ಕಡಿಮೆ ಬಂದರೆ ಇವರು ತಮ್ಮ ಜೇಬಿನಿಂದ ಹಾಕಿ ಸರಿ ಮಾಡಿಬಿಡುತ್ತಿದ್ದರಂತೆ. ಹೆಚ್ಚು ಬಂದರೆ ಜೇಬಿಗೆ ಹಾಕಿಕೊಳ್ಳುತ್ತಿದ್ದರಂತೆ! ಮೇಲಧಿಕಾರಿ ಗದರಿದಾಗ ಇವರ ವಾದ ಇಷ್ಟೇ: ಎರಡು ಡಾಲರ್ ಹುಡುಕಲು ನಾನು ಗಂಟೆಗಟ್ಟಲೆ ಕೂತರೆ, ಅದಕ್ಕೆ ನೀವು ಕೊಡುವ ಸಂಬಳವೇ ಹೆಚ್ಚಾಗುತ್ತದೆ.

ಅಜ್ಜಂದಿರೇ, ನಮ್ಮ ಬ್ಯಾಂಕುಗಳಲ್ಲಿ ಇದು ನಡೆಯುತ್ತಿತ್ತೇ? ಕಡಿಮೆ ಬಿದ್ದರೆ ಕ್ಯಾಷಿಯರ್ ಕಟ್ಟಬೇಕು, ಸರಿ. ಹೆಚ್ಚು ಬಂದರೆ ಅದು ಅವನದಲ್ಲ, ಬೇರೆ ಖಾತೆಗೆ ಹೋಗಬೇಕು. ಎಂಟಾಣೆ ವ್ಯತ್ಯಾಸಕ್ಕೆ ರಾತ್ರಿ ಎಂಟರವರೆಗೆ ಲೆಡ್ಜರ್ ತಿರುವಿದವರು ನಾವು. ಎಂಟಾಣೆಯ ಹಿಂದೆ ಎಂಟು ಸಾವಿರದ ತಪ್ಪು ಅಡಗಿರಬಹುದು ಎಂಬುದು ನಮ್ಮ ಕಸುಬಿನ ಪಾಠ. ಲೆಕ್ಕದ ವಿಷಯದಲ್ಲಿ ನನ್ನ ಓಟು ಆ ಮೇಲಧಿಕಾರಿಗೇ.

ಆಮೇಲೆ ಜಾಹೀರಾತು ಬರೆಯುವ ಕೆಲಸಕ್ಕೆ ಸೇರಿದರು. ಬೇಸರ ಕಳೆಯಲು ಸಹೋದ್ಯೋಗಿಯೊಬ್ಬರ ಜೊತೆ ಫೋನಿನಲ್ಲಿ ಇಲ್ಲದ ಸಂಗತಿಗಳನ್ನು ಕಟ್ಟಿ ಮಾತಾಡುವ ಆಟ ಶುರುವಾಯಿತು. ಅದನ್ನೇ ಧ್ವನಿಮುದ್ರಿಸಿ ರೇಡಿಯೊ ಕೇಂದ್ರಗಳಿಗೆ ಕಳಿಸಿದರು. ಅಷ್ಟರಲ್ಲಿ ಆ ಗೆಳೆಯ ಬೇರೆ ಕೆಲಸ ಹಿಡಿದು ನ್ಯೂಯಾರ್ಕಿಗೆ ಹೊರಟುಬಿಟ್ಟರು. ಜೊತೆಗಾರನಿಲ್ಲದೆ ಆಟ ನಿಲ್ಲಬೇಕಿತ್ತು. ನ್ಯೂಹಾರ್ಟ್ ಒಬ್ಬರೇ ಮುಂದುವರಿಸಿದರು. ಫೋನಿನ ಆ ತುದಿಯ ಮಾತು ಯಾರಿಗೂ ಕೇಳುವುದಿಲ್ಲ. ಈ ತುದಿಯ ಉತ್ತರದಿಂದಲೇ ಊಹಿಸಿಕೊಳ್ಳಬೇಕು. ಹೇಗೆಂದರೆ, ನನ್ನದೇ ಒಂದು ಉದಾಹರಣೆ:

“ಹಲೋ... ಹೌದು, ನಾನೇ... ಏನು, ಎಮ್ಮೆಯಾ?... ಎಷ್ಟನೇ ಮಹಡಿ ಅಂದ್ರಿ?... ಮೆಟ್ಟಿಲು ಹತ್ತಿ ಬಂತಾ?... ಓಹೋ, ಲಿಫ್ಟಲ್ಲಿ!... ಯಾರ್ರೀ ಬಟನ್ ಒತ್ತಿದ್ದು?”

ಹಿಂದೆ ಮನೆಗೆ ಟ್ರಂಕ್ ಕಾಲ್ ಬಂದಾಗ ನಾವೆಲ್ಲ ಅಪ್ಪನ ಸುತ್ತ ನಿಂತು, ಬರೀ ಅವರ ಹೂಂ, ಹಾಂ ಕೇಳಿ ಆ ಕಡೆಯ ಸುದ್ದಿ ಊಹಿಸುತ್ತಿದ್ದೆವಲ್ಲ, ಅದೇ ವಿದ್ಯೆ.

1960ರಲ್ಲಿ, ಕ್ಲಬ್ಬಿನ ವೇದಿಕೆ ಹತ್ತಿ ಅಭ್ಯಾಸವೇ ಇಲ್ಲದ ಈ ಮನುಷ್ಯನನ್ನು ಹ್ಯೂಸ್ಟನ್‌ನ ಕ್ಲಬ್ಬೊಂದರಲ್ಲಿ ನಿಲ್ಲಿಸಿ ರೆಕಾರ್ಡ್ ಮಾಡಿದರು. ಹೆಸರು ‘ದಿ ಬಟನ್-ಡೌನ್ ಮೈಂಡ್ ಆಫ್ ಬಾಬ್ ನ್ಯೂಹಾರ್ಟ್’. ಕಾಲರಿನ ತುದಿಗೂ ಗುಂಡಿ ಹಾಕಿಕೊಳ್ಳುವ ಆಫೀಸು ಮನುಷ್ಯನ ತಲೆ ಎಂದಿಟ್ಟುಕೊಳ್ಳಿ. ಅದರಲ್ಲಿ ಪ್ರಚಾರದ ಏಜೆಂಟನೊಬ್ಬ ಅಬ್ರಹಾಂ ಲಿಂಕನ್‌ಗೆ ಫೋನ್ ಮಾಡಿ ಗಡ್ಡ, ಭಾಷಣಗಳ ಬಗ್ಗೆ ಸಲಹೆ ಕೊಡುತ್ತಾನೆ. ಆ ರೆಕಾರ್ಡಿಗೆ ವರ್ಷದ ಅತ್ಯುತ್ತಮ ಆಲ್ಬಂ ಎಂದು ಗ್ರ್ಯಾಮಿ ಪ್ರಶಸ್ತಿ ಬಂತು. ಹಾಸ್ಯದ ಆಲ್ಬಂ ಒಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ನಿರ್ಮಾಪಕರೊಬ್ಬರು ತಡವರಿಕೆ ಸ್ವಲ್ಪ ಕಡಿಮೆ ಮಾಡಿ ಎಂದಾಗ, ಬೆವರ್ಲಿ ಹಿಲ್ಸ್‌ನಲ್ಲಿ ನನಗೆ ಮನೆ ಕೊಡಿಸಿದ್ದೇ ಆ ತಡವರಿಕೆ ಎಂದರಂತೆ. ತರಗತಿಯಲ್ಲಿ ಎದ್ದು ನಿಂತು ಓದಲು ಹೆದರುವ ಮಕ್ಕಳು ಈ ಮಾತನ್ನು ನೆನಪಿಟ್ಟುಕೊಳ್ಳಲಿ.

1963ರ ಜನವರಿಯಲ್ಲಿ ಜಿನ್ನಿ ಅವರನ್ನು ಮದುವೆಯಾದರು. ಸಂಬಂಧ ಕುದುರಿಸಿದ್ದು ಬಡ್ಡಿ ಹ್ಯಾಕೆಟ್ ಎಂಬ ಇನ್ನೊಬ್ಬ ಹಾಸ್ಯಗಾರ. ಜಿನ್ನಿ ಅವರ ಮನೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ದಂಪತಿಗೆ ನಾಲ್ವರು ಮಕ್ಕಳು. ಮನೆಯಲ್ಲಿ ಮಕ್ಕಳಿದ್ದರೂ ತಮ್ಮ ಟಿ.ವಿ. ಧಾರಾವಾಹಿಯ ದಂಪತಿಗೆ ಮಾತ್ರ ಮಕ್ಕಳು ಬೇಡವೆಂದು ಹಟ ಹಿಡಿದರು. ಅಪ್ಪ ಪೆದ್ದ, ಮಕ್ಕಳು ಜಾಣರು ಎಂಬ ಹಳೇ ತಮಾಷೆ ಅವರಿಗೆ ಹಿಡಿಸುತ್ತಿರಲಿಲ್ಲ.

ಆ ಧಾರಾವಾಹಿ 1972ರಿಂದ 1978ರವರೆಗೆ ನಡೆಯಿತು. 1982ರಲ್ಲಿ ಇನ್ನೊಂದು ಶುರುವಾಯಿತು. ಅದರಲ್ಲಿ ಅವರು ಹಳ್ಳಿಯೊಂದರಲ್ಲಿ ವಸತಿಗೃಹ ನಡೆಸುವವರು, ಹೆಂಡತಿಯ ಪಾತ್ರವೂ ಬೇರೆ. ಎಂಟು ವರ್ಷದ ನಂತರ ಅದನ್ನು ಮುಗಿಸುವುದು ಹೇಗೆಂಬ ಯೋಚನೆ ಬಂತು. ಉಪಾಯ ಹೇಳಿದ್ದು ಜಿನ್ನಿ. 1990ರ ಮೇ ತಿಂಗಳ ಕೊನೆಯ ಕಂತಿನಲ್ಲಿ ಅವರ ತಲೆಗೆ ಗಾಲ್ಫ್ ಚೆಂಡು ಬಡಿಯುತ್ತದೆ. ಕಣ್ಣು ಬಿಟ್ಟರೆ ಹಳೇ ಧಾರಾವಾಹಿಯ ಮಲಗುವ ಕೋಣೆ, ಪಕ್ಕದಲ್ಲಿ ಹಳೇ ಹೆಂಡತಿ! ಎಂಟು ವರ್ಷದ ಕಥೆಯೆಲ್ಲ ಒಂದು ಕನಸು. ಕೋಣೆಯ ಗುರುತು ಸಿಕ್ಕ ಕೂಡಲೇ ಸ್ಟುಡಿಯೊದಲ್ಲಿದ್ದ ಪ್ರೇಕ್ಷಕರು ಹೋ ಎಂದರು.

ಟಿ.ವಿ. ಕಲಾವಿದರ ದೊಡ್ಡ ಗೌರವವಾದ ಎಮ್ಮಿ ಪ್ರಶಸ್ತಿ ಅವರ ಕೈಗೆ ಮೊದಲ ಸಲ ಬಂದದ್ದು 2013ರಲ್ಲಿ, 84ನೇ ವಯಸ್ಸಿಗೆ. ‘ದಿ ಬಿಗ್ ಬ್ಯಾಂಗ್ ಥಿಯರಿ’ಯ ಪ್ರೊಫೆಸರ್ ಪ್ರೋಟಾನ್ ಪಾತ್ರಕ್ಕೆ. ಆ ಪಾತ್ರ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ಮುದುಕರದ್ದು.

ಅರವತ್ತು ವರ್ಷ ಸಂಸಾರ ಮಾಡಿ ಜಿನ್ನಿ 2023ರ ಏಪ್ರಿಲ್‌ನಲ್ಲಿ ತೀರಿಕೊಂಡರು. ನ್ಯೂಹಾರ್ಟ್ 2024ರ ಜುಲೈ 18ರಂದು, 94ನೇ ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಕಣ್ಣು ಮುಚ್ಚಿದರು. ಅಷ್ಟು ಹೊತ್ತಿಗೆ ಅವರಿಗೆ ಹತ್ತು ಮಂದಿ ಮೊಮ್ಮಕ್ಕಳಿದ್ದರು.