ಹೆಬ್ಬೆಟ್ಟಿಗೂ ಬೀಗ ಬೇಕು



ಕಳೆದ ತಿಂಗಳು ಜುಮ್ಮಾ ನಮಾಝ್ ಮುಗಿದ ಮೇಲೆ ಹಿರಿಯರೊಬ್ಬರು ಪಾಸ್‌ಬುಕ್ ಹಿಡಿದು ನಮ್ಮ ಬಳಿ ಬಂದರು. "ಹಜರತ್, ನಾ ಯಾರಿಗೂ ಓಟಿಪಿ ಹೇಳಿಲ್ರಿ, ಎಟಿಎಂ ಕಾರ್ಡೂ ಇಲ್ಲ. ಆದ್ರೂ ರೊಕ್ಕ ಹೋಗ್ಯಾವ್ರಿ" ಎಂದರು. ಮಗ ಸಿಬಿಲ್ ನೋಡಿ ಎಲ್ಲ ಸರಿ ಇದೆ ಎಂದಿದ್ದನಂತೆ. ಪಾಸ್‌ಬುಕ್ಕಿನಲ್ಲಿ ಹಣ ಹೋದ ಕಡೆ 'ಎಇಪಿಎಸ್' ಎಂದಿತ್ತು. ಈ ತಿಂಗಳ ಒಂದು ಖುತ್ಬಾದಲ್ಲಿ ಇದನ್ನೇ ವಿವರಿಸಿದೆವು.

ಎಇಪಿಎಸ್ ಎಂದರೆ ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನ ಮೇಲೆ ಖಾತೆಯಿಂದ ಹಣ ಕೊಡುವ ವ್ಯವಸ್ಥೆ. ಓಟಿಪಿ ಬೇಕಿಲ್ಲ. 2023 ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಕದ್ದು ಹೀಗೆ ಹಣ ತೆಗೆದ ದೂರುಗಳು ಪೊಲೀಸರಿಗೆ ಬಂದವು. ಗದಗದಲ್ಲಿ ಪ್ಲಾಟು, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಹೊಲ ಕೊಂಡ ನಾವೆಲ್ಲರೂ ಅಂಥ ಪತ್ರಗಳಿಗೆ ಹೆಬ್ಬೆಟ್ಟು ಒತ್ತಿದವರೇ.

ಸಿಬಿಲ್ ತೋರಿಸುವುದು ಸಾಲದ ಲೆಕ್ಕವನ್ನು ಮಾತ್ರ. ಉಳಿತಾಯ ಖಾತೆಯಿಂದ ಹೋದ ಹಣವಾಗಲಿ, ನಮ್ಮ ಹೆಸರಿನಲ್ಲಿ ಬೇರೆಯವರು ಪಡೆದ ಸಿಮ್ ಆಗಲಿ ಅದರಲ್ಲಿ ಕಾಣದು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಹೆಬ್ಬೆಟ್ಟು ಬದಲಿಸಲಾಗದು. ಅದಕ್ಕೆ ಬೀಗ ಹಾಕುವುದೇ ದಾರಿ.

ಮೊದಲನೆಯದು, ಆಧಾರ್‌ನ ಅಧಿಕೃತ ಜಾಲತಾಣದಲ್ಲಿ 'ಬಯೋಮೆಟ್ರಿಕ್ ಲಾಕ್' ಮಾಡಿ. ಇದಕ್ಕೆ ಶುಲ್ಕವಿಲ್ಲ, ಆಧಾರ್‌ಗೆ ಜೋಡಿಸಿದ ಮೊಬೈಲ್ ಬೇಕು. ಮಕ್ಕಳು ತಂದೆ ತಾಯಿಗೆ ಇದನ್ನು ಮಾಡಿಕೊಡಲಿ. ಆದರೆ ಬೀಗ ಹಾಕಿದ ಮೇಲೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ನಡೆಯದು. ಹೋಗುವ ಮುನ್ನ ತಾತ್ಕಾಲಿಕವಾಗಿ ತೆರೆಯಬೇಕು. ಗೃಹಲಕ್ಷ್ಮಿ ಹಣವನ್ನು ಹೆಬ್ಬೆಟ್ಟು ಒತ್ತಿ ತೆಗೆಯುವ ನಮ್ಮ ತಾಯಂದಿರಿಗೂ ಇದು ಗೊತ್ತಿರಲಿ. "ಮಷಿನ್ ತಗೊಳ್ಳಲಿಲ್ಲ, ಇನ್ನೊಮ್ಮೆ ಒತ್ತಿ" ಎಂದರೆ ಮೊದಲು ರಸೀದಿ ಕೇಳಿ.

ಎರಡನೆಯದು, ಸಾಧ್ಯವಿದ್ದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಕೊಡಿ. ಝೆರಾಕ್ಸ್ ಮೇಲೆ ಯಾವ ಕೆಲಸಕ್ಕೆಂದು ಬರೆದು ದಿನಾಂಕ ಹಾಕಿ. ಕೆಟ್ಟ ಪ್ರತಿಯನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ.

ಮೂರನೆಯದು, 'ಸಂಚಾರ್ ಸಾಥಿ' ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ನೋಡಿ. ನಿಮ್ಮದಲ್ಲದ್ದನ್ನು ಅಲ್ಲೇ ತಿಳಿಸಿ.

ಹಣ ಹೋದರೆ ತಡಮಾಡದೆ 1930 ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಬರೆದು ಕೊಡಿ. ರಿಸರ್ವ್ ಬ್ಯಾಂಕಿನ 2017 ರ ಸೂಚನೆಯಂತೆ, ತಪ್ಪು ಬ್ಯಾಂಕಿನದೂ ಗ್ರಾಹಕನದೂ ಅಲ್ಲದಿದ್ದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ಗ್ರಾಹಕನದಲ್ಲ. ನಮ್ಮ ಹಿರಿಯರು ಪಾಸ್‌ಬುಕ್ ತುಂಬಿಸಿದ್ದೇ ಎರಡು ತಿಂಗಳ ಮೇಲೆ. ದೂರು ಕೊಡಿಸಿದ್ದೇವೆ, ಹಣ ಇನ್ನೂ ಬಂದಿಲ್ಲ.

ಇನ್ನು ನಮ್ಮದೇ ತಪ್ಪು. ವಿದ್ಯಾರ್ಥಿವೇತನ, ವೈದ್ಯಕೀಯ ನೆರವು ಎಂದು ಪಡೆದ ಆಧಾರ್ ಪ್ರತಿಗಳು ನಮ್ಮ ಮಸೀದಿ ಕಚೇರಿಯ ಕಪಾಟಿನಲ್ಲಿ ಬೀಗವಿಲ್ಲದೆ ಬಿದ್ದಿದ್ದವು. ನಂಬಿ ಕೊಟ್ಟ ಕಾಗದವೂ ಅಮಾನತ್ತೇ. ಕೆಲಸ ಮುಗಿದವನ್ನು ಹರಿದು ಸುಟ್ಟೆವು, ಉಳಿದವಕ್ಕೆ ಬೀಗ ಹಾಕಿದೆವು. ಉಳಿದ ಜಮಾಅತ್‌ಗಳೂ ತಮ್ಮ ಕಪಾಟು ತೆರೆದು ನೋಡಲಿ.

ಒಂಟೆಯನ್ನು ಕಟ್ಟಿ, ನಂತರ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿಯವರು(ಸ) ಕಲಿಸಿದರು. ಅಲ್ಲಾಹನು ನಮ್ಮೆಲ್ಲರ ಹಲಾಲ್ ಗಳಿಕೆಯನ್ನು ಕಾಪಾಡಲಿ. ಆಮೀನ್.