ಕ್ಷೇತ್ರಕಾರ್ಯಕ್ಕೆ ಕಿರು ಕ್ಯಾಮರಾ: ಮಂದ ಬೆಳಕು ಹಾಗೂ ಚಲನೆಯ ಸಮಸ್ಯೆ

ಇತಿಹಾಸಾಧ್ಯಯನದಲ್ಲಿ ಛಾಯಾಚಿತ್ರವನ್ನು ಲೇಖನದ ಅಲಂಕಾರವೆಂದೇ ಎಣಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕೆಲವು ವರ್ಷಗಳ ಹಿಂದಿನವರೆಗೆ ನಾವೂ ಹಾಗೆಯೇ ಎಣಿಸಿದ್ದೆವು. ಕಲಬುರಗಿಯಿಂದ ಕಪನೂರನ್ನು ದಾಟಿ ಕಮಲಾಪುರದ ಕಡೆಗೆ ಸಾಗುವ ಹೆದ್ದಾರಿಯಿಂದ ತುಸು ಒಳಗಿರುವ ಒಂದು ಸಣ್ಣ ಗುಡಿಗೆ ಮೂವರು ವಿದ್ಯಾರ್ಥಿಗಳೊಡನೆ ನಾವು ಹೋಗಿದ್ದೆವು. ಅದರ ನವರಂಗದ ಗೋಡೆಯಲ್ಲಿ ಸೇರಿಸಿದ್ದ ಶಿಲಾಶಾಸನವನ್ನು ಕಂಡು, ಅಚ್ಚು ತೆಗೆಯುವ ಸಾಮಗ್ರಿ ಕೈಯಲ್ಲಿಲ್ಲದ ಕಾರಣ, ಮುಂದಿನ ಸಲ ಬಂದು ತೆಗೆದರಾಯಿತೆಂದು ಚಿತ್ರಗಳನ್ನಷ್ಟೇ ತೆಗೆದು ಮರಳಿದೆವು. ಮರುವರ್ಷ ಹೋಗುವಷ್ಟರಲ್ಲಿ ಭಕ್ತರು ಗುಡಿಗೆ ಬಣ್ಣ ಹೊಡೆಯಿಸಿದ್ದರು. ಶಾಸನದ ಅಕ್ಷರಗಳು ದಪ್ಪನೆಯ ಎಣ್ಣೆಬಣ್ಣದಲ್ಲಿ ಹೂತುಹೋಗಿದ್ದವು. ಭಕ್ತಿಯಿಂದ ಮಾಡಿದ ಕೆಲಸಕ್ಕೆ ಯಾರನ್ನು ದೂರೋಣ? ಉಳಿದಿದ್ದ ಆಧಾರವೆಂದರೆ ನಮ್ಮ ಚಿತ್ರಗಳು ಮಾತ್ರ. ಅವುಗಳಲ್ಲಿ ಕೊನೆಯ ನಾಲ್ಕು ಸಾಲುಗಳು ಓದಲು ಬಾರದಷ್ಟು ಮಸಕಾಗಿವೆ.

ಆ ಕ್ಯಾಮರಾವನ್ನು ಅಂಗಡಿಯವರ ಮಾತು ನಂಬಿ ಕೊಂಡಿದ್ದೆವು. ಮೆಗಾಪಿಕ್ಸೆಲುಗಳ ಸಂಖ್ಯೆ ದೊಡ್ಡದು, ದೂರದ ವಸ್ತುವನ್ನು ಹತ್ತಿರಕ್ಕೆ ತರುವ ಶಕ್ತಿ ಹೆಚ್ಚು ಎಂಬ ಎರಡು ಗುಣಗಳನ್ನೇ ಅವರು ಹೊಗಳಿದ್ದರು. ನಮಗೆ ಬೇಕಾಗಿದ್ದುದು ಆ ಎರಡೂ ಅಲ್ಲವೆಂಬುದು ಆಮೇಲೆ ತಿಳಿಯಿತು. ಜೇಬಿನಲ್ಲಿ ಹಿಡಿಯುವ ಡಿಜಿಟಲ್ ಕ್ಯಾಮರಾವನ್ನು ಕೊಳ್ಳುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಯಾವುದನ್ನು ಮೊದಲು ವಿಚಾರಿಸಬೇಕೆಂಬುದನ್ನು ಇಲ್ಲಿ ವಿವರಿಸುವೆವು.

ನಮ್ಮ ಪ್ರದೇಶದ ಕ್ಷೇತ್ರಕಾರ್ಯದಲ್ಲಿ ಎರಡು ಬಗೆಯ ಕಷ್ಟಗಳುಂಟು. ಕೋಟೆಯೊಳಗಿನ ಜಾಮಿ ಮಸೀದಿಯನ್ನೇ ನೋಡಿರಿ. 1367ರ ಶಾಸನವುಳ್ಳ ಈ ಕಟ್ಟಡದಲ್ಲಿ ತೆರೆದ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಜಾಗಕ್ಕೆ ಮೇಲ್ಛಾವಣಿಯಿದೆ. ಪಕ್ಕದ ಅಗಲವಾದ ಕಮಾನುಗಳಿಂದ ಬರುವ ಬಿಸಿಲು ಕಣ್ಣು ಕುಕ್ಕುವಂತಿದ್ದರೆ, ನಡುವಣ ಕಂಬಗಳ ಸಾಲುಗಳಲ್ಲಿ ಬೆಳಕು ಮಂದವಾಗಿರುತ್ತದೆ. ಇಲ್ಲಿ ವಸ್ತು ನಿಶ್ಚಲ, ಬೆಳಕು ಕಡಿಮೆ. ಹೋಳಿ ಹುಣ್ಣಿಮೆಯ ಬಳಿಕ ನಡೆಯುವ ಶರಣಬಸವೇಶ್ವರರ ಜಾತ್ರೆಯಲ್ಲಿಯಾದರೋ ರಥವು ಎಳೆಯಲ್ಪಡುವುದು ಸಂಜೆಯ ಹೊತ್ತಿನಲ್ಲಿ. ರಥ ಸಾಗುತ್ತದೆ, ಹಗ್ಗ ಹಿಡಿದವರು ನುಗ್ಗುತ್ತಾರೆ, ಬಾಳೆಹಣ್ಣು ಉತ್ತತ್ತಿಗಳು ಗಾಳಿಯಲ್ಲಿ ಹಾರುತ್ತವೆ. ಬೆಳಕೂ ಕಡಿಮೆ, ವಸ್ತುವೂ ಚಲಿಸುತ್ತಿರುತ್ತದೆ. ಎರಡನ್ನೂ ಒಂದೇ ಉಪಾಯದಿಂದ ಸಾಧಿಸಲಾಗದು.

ಈ ತೊಡಕು ಹೊಸದಲ್ಲ. 1866ರಲ್ಲಿ ಮೆಡೋಸ್ ಟೇಲರನ ಬರವಣಿಗೆಯೊಡನೆ ಬಿಜಾಪುರದ ವಾಸ್ತುಶಿಲ್ಪದ ಚಿತ್ರಸಂಪುಟವು ಪ್ರಕಟವಾದ ಕಾಲದಲ್ಲಿ ಗಾಜಿನ ಫಲಕಕ್ಕೆ ಹಲವು ಕ್ಷಣಗಳವರೆಗೆ ಬೆಳಕನ್ನು ಊಡಬೇಕಾಗುತ್ತಿತ್ತು. ನಡೆದಾಡುವ ಜನ ಅಂಥ ಫಲಕದಲ್ಲಿ ಮೂಡುತ್ತಲೇ ಇರಲಿಲ್ಲ. 1975ರಲ್ಲಿ ಕೊಡ್ಯಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ನರು ನಿರ್ಮಿಸಿದ ಮೊದಲ ಡಿಜಿಟಲ್ ಕ್ಯಾಮರಾಕ್ಕೆ ಒಂದು ಚಿತ್ರವನ್ನು ಕ್ಯಾಸೆಟ್ ಪಟ್ಟಿಯ ಮೇಲೆ ದಾಖಲಿಸಲು 23 ಸೆಕೆಂಡು ಬೇಕಾಗಿತ್ತು. ಉಪಕರಣ ಬದಲಾದರೂ ಬೆಳಕಿನ ಲೆಕ್ಕ ಬದಲಾಗಿಲ್ಲ.

ಮೊದಲು ವಿಚಾರಿಸತಕ್ಕದ್ದು ಸೆನ್ಸರಿನ ಅಳತೆಯನ್ನು. ಅಗ್ಗದ ಕಿರು ಕ್ಯಾಮರಾಗಳ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರು. ಒಂದಂಗುಲದ್ದೆಂದು ಕರೆಯಲಾಗುವ ಸೆನ್ಸರಿನ ವಿಸ್ತೀರ್ಣ ಸುಮಾರು 116. ಅಂದರೆ ನಾಲ್ಕು ಪಟ್ಟು. ಇದರ ಯಾವ ಬದಿಯೂ ಒಂದು ಅಂಗುಲವಿಲ್ಲ! ಹಳೆಯ ಟೆಲಿವಿಷನ್ ಕ್ಯಾಮರಾದ ಗಾಜಿನ ಕೊಳವೆಯ ಅಳತೆಯಿಂದ ಬಂದ ಹೆಸರಿದು. ಮಳೆನೀರಿಗೆ ಅಗಲವಾದ ಪಾತ್ರೆಯನ್ನಿಟ್ಟರೆ ಹೆಚ್ಚು ನೀರು ತುಂಬುವಂತೆ ದೊಡ್ಡ ಸೆನ್ಸರು ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಸಣ್ಣ ಸೆನ್ಸರಿನಲ್ಲಿ ಮೆಗಾಪಿಕ್ಸೆಲುಗಳನ್ನು ಎಷ್ಟು ತುರುಕಿದರೂ ಕತ್ತಲಲ್ಲಿ ದೊರೆಯುವುದು ಕಾಳುಕಾಳಾದ ಚಿತ್ರವೇ.

ಎರಡನೆಯದು ಲೆನ್ಸಿನ ಬಾಯಿ. ಎಫ್ ಎಂಬ ಗುರುತಿನ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಎಫ್ 1.8ರಲ್ಲಿ ಒಳಬರುವ ಬೆಳಕು ಎಫ್ 4.9ರಲ್ಲಿ ಬರುವುದಕ್ಕಿಂತ ಏಳು ಪಟ್ಟಿಗೂ ಮಿಗಿಲು. ಇಲ್ಲಿ ಕೊಳ್ಳುವವರು ಮೋಸಹೋಗುವ ಒಂದು ಸ್ಥಳವುಂಟು. 2012ರಲ್ಲಿ ಹೊರಬಂದ ಸೋನಿ ಆರ್‌ಎಕ್ಸ್ 100 ಕ್ಯಾಮರಾದ ಲೆನ್ಸು ಎಫ್ 1.8ರಿಂದ ಆರಂಭವಾದರೂ ದೂರದ ತುದಿಗೆ ಹೋದಾಗ 4.9ಕ್ಕೆ ಇಳಿಯುತ್ತದೆ. ರಥದ ಕಳಸವನ್ನು ಹತ್ತಿರಕ್ಕೆ ತರಬೇಕೆಂದು ಗುಂಡಿ ಒತ್ತಿದಾಗಲೇ ಬೆಳಕಿನ ಬಹುಭಾಗವನ್ನು ಕಳೆದುಕೊಂಡಂತಾಯಿತು. ಹತ್ತಿರದ ತುದಿಯಲ್ಲಿ ಸೆಕೆಂಡಿನ 160ನೆಯ ಒಂದು ಭಾಗದಲ್ಲಿ ಮುಗಿಯುತ್ತಿದ್ದ ಚಿತ್ರಕ್ಕೆ ಆಗ ಸುಮಾರು 20ರಲ್ಲಿ ಒಂದು ಭಾಗ ಬೇಕಾಗುತ್ತದೆ. ಆದುದರಿಂದ ಎರಡೂ ತುದಿಗಳ ಸಂಖ್ಯೆಯನ್ನು ಕೇಳಿಯೇ ಮುಂದುವರಿಯತಕ್ಕದ್ದು.

ಈ ವ್ಯತ್ಯಾಸದಿಂದ ಆಗುವ ನಷ್ಟವೇನು? ಸೆಕೆಂಡಿಗೆ ಒಂದೂವರೆ ಮೀಟರಿನಂತೆ ನಡೆಯುವ ಮನುಷ್ಯನು ಸೆಕೆಂಡಿನ 20ನೆಯ ಭಾಗದಲ್ಲಿ ಏಳೂವರೆ ಸೆಂಟಿಮೀಟರು ಸರಿಯುತ್ತಾನೆ. ಮುಖದ ಗುರುತು ಹತ್ತದು. 250ನೆಯ ಭಾಗದಲ್ಲಾದರೆ ಸರಿಯುವುದು 6 ಮಿಲಿಮೀಟರು ಮಾತ್ರ. ಕೈನಡುಕವನ್ನು ತಡೆಯುವ ಏರ್ಪಾಡು ಕ್ಯಾಮರಾದಲ್ಲಿದೆಯೆಂದು ಮಾರುವವರು ಹೇಳಿಯಾರು. ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಜಾತ್ರೆಯ ಜನರನ್ನು ನಿಲ್ಲಿಸಲಾರದು. ಮಸೀದಿಯ ಕಂಬಕ್ಕೆ ಅದು ಉಪಯುಕ್ತ, ರಥಕ್ಕೆ ನಿರುಪಯುಕ್ತ. ಚಲನೆಗೆ ಬೇಕಾದುದು ವೇಗದ ಶಟರು ಮತ್ತು ಮಂದ ಬೆಳಕಿನಲ್ಲಿಯೂ ತಡವರಿಸದೆ ವಸ್ತುವಿನ ಮೇಲೆ ನೆಲೆಗೊಳ್ಳುವ ಫೋಕಸು.

ಫೋಕಸಿನ ವಿಧಾನಗಳಲ್ಲಿ ಕಾಂಟ್ರಾಸ್ಟ್ ವಿಧಾನವು ಲೆನ್ಸನ್ನು ಹಿಂದೆ ಮುಂದೆ ಸರಿಸಿ ಹುಡುಕುತ್ತದೆ; ಫೇಸ್ ವಿಧಾನವು ಯಾವ ಕಡೆಗೆ ಎಷ್ಟು ಸರಿಯಬೇಕೆಂಬುದನ್ನು ಮೊದಲೇ ಅರಿಯುತ್ತದೆ. ಮೇಲೆ ಹೇಳಿದ ಸರಣಿಯಲ್ಲಿ 2016ರ ಐದನೆಯ ಮಾದರಿಯಿಂದ ಫೇಸ್ ವಿಧಾನವು ಬಂದಿತು. ಅದರ ಲೆನ್ಸು ಎಫ್ 1.8ರಿಂದ 2.8ರವರೆಗಿನದು, ಸೆಕೆಂಡಿಗೆ 24 ಚಿತ್ರಗಳನ್ನು ತೆಗೆಯಬಲ್ಲದು. 2019ರ ಏಳನೆಯ ಮಾದರಿಯು ಹೆಚ್ಚು ದೂರವನ್ನು ನೋಡುವುದಾದರೂ ಅದರ ಲೆನ್ಸು 2.8ರಿಂದ 4.5. ಹೊಸದೆಂಬ ಕಾರಣಕ್ಕೆ ಅದನ್ನೇ ಬಯಸುವವರೊಡನೆ ನಮಗೆ ಸಹಮತವಿಲ್ಲ; ನಮ್ಮ ಕೆಲಸಕ್ಕೆ ಹಳೆಯದೇ ಲೇಸು, ಬಳಸಿದ ಕ್ಯಾಮರಾ ಸಿಕ್ಕರೂ ಸರಿಯೆ. 2019ರಲ್ಲಿ ಬಂದ ರಿಕೋ ಜಿಆರ್ 3 ಕ್ಯಾಮರಾದ ಸೆನ್ಸರು ಒಂದಂಗುಲದ್ದಕ್ಕಿಂತ ಮೂರು ಪಟ್ಟು ದೊಡ್ಡದು. ಲೆನ್ಸು ಮಾತ್ರ ಎಫ್ 2.8, ಹತ್ತಿರಕ್ಕೆ ತರುವ ಸೌಕರ್ಯವಿಲ್ಲ. ಗುಡಿಯೊಳಗಿನ ಕೆಲಸಕ್ಕೆ ಅದು ಉತ್ತಮವೆನ್ನಬಹುದು. ಜನಸಂದಣಿಯ ಹಿಂದೆ ನಿಂತವರಿಗೆ ಪ್ರಯೋಜನವಿಲ್ಲ.

ಜಾತ್ರೆಯ ವಿದ್ಯುದ್ದೀಪಗಳ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳುಳ್ಳದ್ದು. ಅದರಿಂದ ಉರಿಯುವ ಅನೇಕ ದೀಪಗಳು ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ಬಳಸಿದರೆ ಚಿತ್ರದಲ್ಲಿ ಅಡ್ಡಪಟ್ಟೆಗಳು ಮೂಡುವುದುಂಟು. ಅಂಥಲ್ಲಿ ಯಾಂತ್ರಿಕ ಶಟರನ್ನೇ ಬಳಸಿ, ವೇಗವನ್ನು ನೂರನೆಯ ಒಂದು ಭಾಗಕ್ಕೆ ಇಳಿಸಿ ನೋಡುವುದು ಮೇಲು.

ಶಾಸನಗಳ ಮಾತು ಬೇರೆ. ನಮ್ಮ ಕಡೆಯ ಕರಿಗಲ್ಲಿನ ಮೇಲೆ ಕ್ಯಾಮರಾದ ಫ್ಲಾಶನ್ನು ಎದುರಿನಿಂದ ಬಿಟ್ಟರೆ ಅಕ್ಷರದ ತಗ್ಗು ಕಾಣದೆ ಕಲ್ಲೆಲ್ಲ ಒಂದೇ ಹೊಳಪಾಗುತ್ತದೆ. ಫ್ಲಾಶನ್ನು ಆರಿಸಿ, ಒಬ್ಬ ವಿದ್ಯಾರ್ಥಿಯ ಕೈಗೆ ಬ್ಯಾಟರಿ ಕೊಟ್ಟು, ಕಲ್ಲಿನ ಮೈಗೆ ಸವರುವಂತೆ ಪಕ್ಕದಿಂದ ಬೆಳಕು ಹಾಯಿಸಿದರೆ ಪ್ರತಿಯೊಂದು ಗೆರೆಯೂ ನೆರಳಿನಿಂದ ಎದ್ದು ನಿಲ್ಲುತ್ತದೆ. ನಾಲ್ಕು ದಿಕ್ಕುಗಳಿಂದ ನಾಲ್ಕು ಚಿತ್ರ ತೆಗೆಯಬೇಕು. ಎಡದಿಂದ ಕಾಣದ ಕೊಂಬು ಮೇಲಿನಿಂದ ಕಂಡೀತು. ಟ್ರೈಪಾಡ್ ಸ್ಟ್ಯಾಂಡಿದ್ದರೆ ಐಎಸ್‌ಒ ಸಂಖ್ಯೆಯನ್ನು ನೂರರಲ್ಲಿಟ್ಟು ಎರಡು ಸೆಕೆಂಡು ಬೆಳಕೂಡಬಹುದು. ಸಂರಕ್ಷಿತ ಸ್ಮಾರಕಗಳಲ್ಲಿ ಸ್ಟ್ಯಾಂಡಿಗೆ ಮೊದಲೇ ಅನುಮತಿ ಪಡೆಯುವುದು ಒಳ್ಳೆಯದು.

ಮೊಬೈಲ್ ಫೋನು ಸಾಲದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನೋಟಕ್ಕೆ ಸಾಕು. ಆದರೆ ಕತ್ತಲಲ್ಲಿ ಫೋನು ಹಲವು ಚಿತ್ರಗಳನ್ನು ಕೂಡಿಸಿ, ಕಾಳುಗಳನ್ನು ಒರೆಸಿ, ಅಂಚುಗಳನ್ನು ತಾನೇ ತೀಡುತ್ತದೆ. ಸವೆದ ಕಲ್ಲಿನಲ್ಲಿ ಪ ಮತ್ತು ಷ ಅಕ್ಷರಗಳ ನಡುವಣ ಭೇದ ಒಂದು ಸಣ್ಣ ಗೆರೆಯಷ್ಟೇ ಆಗಿರುವಾಗ, ಯಂತ್ರವು ತೀಡಿದ ಅಂಚನ್ನು ಆಧಾರವೆಂದು ಮುಂದಿಡಲು ನಮಗೆ ಧೈರ್ಯವಿಲ್ಲ. ತಿದ್ದದ ಮೂಲ ದತ್ತಾಂಶವನ್ನು ರಾ ರೂಪದಲ್ಲಿ ಉಳಿಸುವ ಕ್ಯಾಮರಾವನ್ನೇ ಆರಿಸುವುದು ಈ ಕಾರಣದಿಂದ.

ಅಂಗಡಿಯ ಹೊಳೆಯುವ ದೀಪಗಳ ಕೆಳಗೆ ಎಲ್ಲ ಕ್ಯಾಮರಾಗಳೂ ಚೆನ್ನಾಗಿಯೇ ಕಾಣುವುವು. ಅದನ್ನು ಮೆಟ್ಟಿಲಿನ ಕೆಳಗಿನ ಕತ್ತಲೆಗೆ ಒಯ್ದು, ವೃತ್ತಪತ್ರಿಕೆಯ ಒಂದು ಪುಟವನ್ನು ಗೋಡೆಗೆ ಹಿಡಿಸಿ, ಫ್ಲಾಶಿಲ್ಲದೆ ಚಿತ್ರ ತೆಗೆದು, ಸಣ್ಣ ಅಕ್ಷರಗಳನ್ನು ಓದಿ ನೋಡಿರಿ. ಬಳಿಕ ಜೊತೆಗೆ ಬಂದವರನ್ನು ಅಲ್ಲಿಯೇ ಬಿರಬಿರನೆ ನಡೆಯಹೇಳಿ ಮತ್ತೊಂದು ಚಿತ್ರ ತೆಗೆಯಿರಿ. ಕೊಂಡ ದಿನವೇ ಅದರೊಳಗಿನ ತಾರೀಖು ಗಡಿಯಾರಗಳನ್ನು ಸರಿಪಡಿಸತಕ್ಕದ್ದು. ನಮ್ಮ ಆ ಗುಡಿಯ ಚಿತ್ರಗಳ ಮೇಲಿನ ತಾರೀಖೂ ತಪ್ಪಾಗಿದೆ.